ಚೇರ್ಮನ್ನರ ನೂಲು, ಭಾವನ ಮಗ್ಗ

ಆರು ಮಗ್ಗ, ಅವುಗಳ ಮೇಲಿದ್ದ ಹೆಂಚಿನ ಶೆಡ್ಡು, ಅಕ್ಕನ ಮೈಮೇಲಿದ್ದ ಚಿನ್ನ ಅಷ್ಟೂ. ಒಬ್ಬ ರಾಜಕಾರಣಿಯನ್ನು ನಮ್ಮವನು ಎಂದು ನಂಬಿದ್ದಕ್ಕೆ ನಮ್ಮ ಮನೆ ಕೊಟ್ಟ ಬೆಲೆ ಇದು. ನಂಬಲು ಇದ್ದ ಕಾರಣ ಬಹಳ ಸಣ್ಣದು. ಅವರು ನಮ್ಮ ಪಡಸಾಲೆಯ ನೆಲದ ಮೇಲೆ ಕೂತು, ಮಜ್ಜಿಗೆ ಕೇಳಿ ಕುಡಿದು, ಕನ್ನಡದಲ್ಲಿ ಮಾತಾಡುತ್ತಿದ್ದರು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಇತ್ತೆಂದು ಹೇಳಿದರೆ ಸುಳ್ಳಾಗುತ್ತದೆ.

ನಮ್ಮದು ತಮಿಳು ಸೀಮೆಯ ಕರುಮತ್ತಂಪಟ್ಟಿಯ ಪಕ್ಕದ ಹಳ್ಳಿ. ನೇಯುವ ಜನ. ಯಾವಾಗ ಬಂದು ಅಲ್ಲಿ ನೆಲೆ ನಿಂತೆವು ಎಂದು ಕೇಳಿದರೆ ಹಿರಿಯರಲ್ಲೂ ಒಬ್ಬೊಬ್ಬರದು ಒಂದೊಂದು ಕತೆ. ಬಾಗಿಲ ಒಳಗೆ ಕನ್ನಡ, ಹೊರಗೆ ತಮಿಳು. ಶಾಲೆ ತಮಿಳು, ಸಿನಿಮಾ ತಮಿಳು, ಬೀದಿ ಜಗಳವೂ ತಮಿಳು. ನಾನು ಕನ್ನಡ ಅಕ್ಷರ ಕಲಿತದ್ದೇ ಮೀಸೆ ಬಂದ ಮೇಲೆ, ಬೆಂಗಳೂರಿನ ಚಿಕ್ಕಪೇಟೆಗೆ ಟವೆಲ್ ಮಾರಲು ಹೋಗಿ, ಅಂಗಡಿಗಳ ಬೋರ್ಡು ಓದಿ ಓದಿ. ಅದಕ್ಕೂ ಮೊದಲು ಗಾಂಧಿಪುರಂ ಬಸ್ ಸ್ಟ್ಯಾಂಡಿನ ಎದುರು ಪುಟ್‌ಪಾತಿನಲ್ಲಿ ಅದೇ ಟವೆಲ್ಲುಗಳನ್ನು ಹರಡಿಕೊಂಡು ಕೂತವನು ನಾನು. ಚೌಕಾಶಿ ಕಲಿತದ್ದು ಅಲ್ಲಿ. ಬಸ್ಸು ಹೊರಡುವ ಅವಸರದಲ್ಲಿರುವವನಿಗೆ ಒಂದು ದರ, ನೆರಳಿಗೆಂದು ನಿಂತವನಿಗೆ ಒಂದು ದರ.

ಮನೆಯ ಕನ್ನಡದಿಂದ ವ್ಯಾಪಾರದಲ್ಲಿ ನಮಗೊಂದು ಅನುಕೂಲವಿತ್ತು. ಮದುವೆ ಜವಳಿಗೆ ಹೋದಾಗ ಅಂಗಡಿಯವನ ಮುಖ ನೋಡುತ್ತಲೇ ಅವ್ವ ಕನ್ನಡದಲ್ಲಿ, ಇದಕ್ಕಿಂತ ಮೇಲೆ ಹೋಗಬೇಡ, ಎದ್ದು ಹೊರಟ ಹಾಗೆ ಮಾಡು ಅನ್ನುತ್ತಿದ್ದಳು. ಅವನು ಅವಳು ಸೀರೆ ಹೊಗಳುತ್ತಿದ್ದಾಳೆ ಅಂದುಕೊಂಡು ನಗುತ್ತಿದ್ದ. ನಮ್ಮ ಜನಕ್ಕೆ ಕನ್ನಡ ಎಂದರೆ ನಾಲ್ಕು ಜನರ ನಡುವೆ ಗುಟ್ಟಾಡುವ ಕೋಣೆಯ ಹಾಗೆ. ಆ ಕೋಣೆಗೆ ಬೀಗ ಇರಲಿಲ್ಲ ಎಂಬುದು ಆಗ ಯಾರ ತಲೆಗೂ ಹೊಳೆದಿರಲಿಲ್ಲ.

ಇನ್ನೊಂದು ಪದ್ಧತಿ ಹೇಳಬೇಕು. ದೊಡ್ಡ ಚೌಕಾಶಿಗೆ ಹೋಗುವ ಮುಂಚೆ ನಮ್ಮ ಹಿರಿಯರು ಒಬ್ಬರ ಮನೆಯಲ್ಲಿ ಸೇರಿ ಎರಡು ದರ ಗೊತ್ತು ಮಾಡುತ್ತಿದ್ದರು. ಒಂದು ಕೇಳುವ ದರ. ಇನ್ನೊಂದು ತಳ, ಅಂದರೆ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುವುದು. ತಳವನ್ನು ಒಮ್ಮೆ ಬಾಯಿಬಿಟ್ಟು ಹೇಳಿ, ಅಮ್ಮನವರ ಪಟದ ಮುಂದೆ ವೀಳ್ಯದೆಲೆ ಇಟ್ಟರೆ ಮುಗಿಯಿತು. ಹೊರಗಿನವರ ಮುಂದೆ ಅದನ್ನು ಆಡುವಂತಿಲ್ಲ, ವ್ಯವಹಾರ ಮುಗಿಯುವವರೆಗೆ ಬದಲಿಸುವಂತೆಯೂ ಇಲ್ಲ.

ಈಗ ಆ ರಾಜಕಾರಣಿಯ ವಿಷಯ. ಎಂ.ಎಲ್.ಎ. ಆದ ಮೇಲೂ ನಮ್ಮ ಬೀದಿಯಲ್ಲಿ ಅವರನ್ನು ಕರೆಯುತ್ತಿದ್ದದ್ದು ಚೇರ್ಮನ್ ಅಣ್ಣ ಎಂದೇ. ಮೊದಲು ಪಂಚಾಯತಿ ಯೂನಿಯನ್ನಿನ, ಅಂದರೆ ಸುತ್ತಿನ ಹಳ್ಳಿ ಪಂಚಾಯತಿಗಳ ಒಕ್ಕೂಟದ, ಚೇರ್ಮನ್ ಆಗಿದ್ದರು. ಅವರಪ್ಪನೂ ನಮ್ಮಪ್ಪನ ಹಾಗೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸವೆದವನು. ಕೈಮಗ್ಗ ಹೋಗಿ ಕರೆಂಟಿನ ಮಗ್ಗ ಬರುವ ಕಾಲಕ್ಕೆ, ಶೆಡ್ಡಿಗೆ ಕನೆಕ್ಷನ್ ಕೊಡಿಸುವುದೇ ದೊಡ್ಡ ಕೆಲಸವಾಗಿತ್ತು. ಚೇರ್ಮನ್ ಅಣ್ಣ ಅರ್ಜಿ ಹಿಡಿದು ಕಚೇರಿಗೆ ಅಲೆದರು, ಕಂಬ ಹಾಕಿಸಿದರು. ಅದು ನಿಜ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಒಂದೊಂದು ಕಂಬಕ್ಕೂ ಅದರ ಸುತ್ತಲಿನ ಮನೆಗಳ ವೋಟು ಬಂತು. ವೇದಿಕೆಯ ಮೇಲೆ ಅವರ ತಮಿಳು ಕೇಳಿದರೆ ಮೈ ಜುಮ್ಮೆನ್ನಬೇಕು. ಇಳಿದು ನಮ್ಮ ಬೀದಿಗೆ ಬಂದರೆ ಅದೇ ಗಂಟಲಿನಲ್ಲಿ ಮೆತ್ತನೆಯ ಕನ್ನಡ. ಅಕ್ಕನ ಮಂಡಿ ನೋವು ಹೇಗಿದೆ, ಅವಳ ಹಿರಿಮಗಳಿಗೆ ಗಂಡು ನೋಡಿದಿರಾ, ಎಲ್ಲ ವಿಚಾರಿಸುತ್ತಿದ್ದರು.

ಅವರ ಹೊರಗಿನ ವ್ಯವಹಾರಗಳೂ ಎಲ್ಲರಿಗೂ ಗೊತ್ತಿದ್ದವು, ಅರ್ಧ ಮಾತ್ರ. ನೂಲಿಗೆ ಗಂಜಿ ಹಾಕುವ ಸೈಸಿಂಗ್ ಮಿಲ್ಲು ಮೈದುನನ, ಅಂದರೆ ಹೆಂಡತಿಯ ತಮ್ಮನ ಹೆಸರಲ್ಲಿ. ಮೆಟ್ಟುಪಾಳ್ಯಂನ ಆಲೂಗಡ್ಡೆ ಮಂಡಿ ಅಳಿಯನ ಹೆಸರಲ್ಲಿ. ಓಡಾಡುವ ಬಸ್ಸುಗಳು ಇನ್ನಾರದೋ ಹೆಸರಲ್ಲಿ. ಅವರ ಸ್ವಂತ ಹೆಸರಲ್ಲಿ ಇರುವುದು ಬಿಳಿ ಪಂಚೆ ಮತ್ತು ಕನ್ನಡಕ ಮಾತ್ರ ಎಂದು ಟೀ ಅಂಗಡಿಯಲ್ಲಿ ನಗುತ್ತಿದ್ದರು. ಸಿಟ್ಟಿನ ನಗುವಲ್ಲ ಅದು. ನಮ್ಮವರಲ್ಲಿ ಒಬ್ಬರಾದರೂ ಮೇಲೆ ಬಂದರಲ್ಲ ಎಂಬ ಹೆಮ್ಮೆ.

ಆ ಹೆಮ್ಮೆ ಎಲ್ಲರಿಗಿಂತ ಹೆಚ್ಚು ಇದ್ದದ್ದು ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ. ಭಾವ ನನಗಿಂತ ಸ್ವಲ್ಪವೇ ದೊಡ್ಡವನು, ಒಂದೇ ಬೀದಿಯಲ್ಲಿ ಗೋಲಿ ಆಡಿದವರು ನಾವು, ಅದಕ್ಕೇ ಏಕವಚನ. ಚುನಾವಣೆ ಬಂದರೆ ಭಾವ ಮಗ್ಗ ನಿಲ್ಲಿಸಿ ಗೋಡೆಗೆ ಸುಣ್ಣ ಬಳಿದು ಚಿಹ್ನೆ ಬರೆಯಲು ಹೋಗುತ್ತಿದ್ದ. ಕೂಲಿ ಕೇಳಿದವನಲ್ಲ. ಆ ಆರು ಮಗ್ಗವನ್ನು ಅವನು ಹಾಕಿದ್ದು ಅಕ್ಕನ ಒಡವೆ ಮಾರಿ, ನನ್ನ ಪುಟ್‌ಪಾತಿನ ಉಳಿತಾಯ ಸೇರಿಸಿ. ಶೆಡ್ಡಿನಲ್ಲಿ ನನ್ನ ಪಾಲೂ ಇತ್ತು, ಆದರೆ ಓಡಿಸುವವನು ಅವನು. ಅವನ ಬದುಕು ಅಷ್ಟೂ ಆ ಹೆಂಚಿನ ಕೆಳಗೇ ಇತ್ತು.

ನಮ್ಮ ಕಡೆ ಮಗ್ಗದವನು ನೂಲು ಕೊಳ್ಳುವುದಿಲ್ಲ. ತಿರುಪ್ಪೂರು, ಸೋಮನೂರಿನ ವ್ಯಾಪಾರಿಗಳು ಹಾಸು ನೂಲು ಸುತ್ತಿದ ದೊಡ್ಡ ಉರುಳೆಯನ್ನು ಶೆಡ್ಡಿಗೆ ಕಳಿಸುತ್ತಾರೆ. ಅದಕ್ಕೆ ಪಾವು ಅನ್ನುತ್ತೇವೆ. ನಾವು ನೇಯ್ದು ಬಟ್ಟೆ ವಾಪಸು ಕೊಟ್ಟು ಮೀಟರಿಗೆ ಇಷ್ಟು ಎಂದು ಕೂಲಿ ಪಡೆಯುತ್ತೇವೆ. ಪಾವು ಬಂದರೆ ಮಗ್ಗ, ಬರದಿದ್ದರೆ ಅದು ಕಬ್ಬಿಣ.

ಎಂಬತ್ತರ ದಶಕದ ನಡುವಿನ ಒಂದು ವರ್ಷ ಕರೆಂಟು ದರ ಏರಿತು, ಬಿಡಿಭಾಗಗಳ ಬೆಲೆ ಏರಿತು, ಕೂಲಿ ಮಾತ್ರ ಏರಲಿಲ್ಲ. ಆಡಿ, ಅಂದರೆ ಆಷಾಢದ ತಿಂಗಳಿಗೆ ಸ್ವಲ್ಪ ಮುಂಚೆ ಸುತ್ತಿನ ಶೆಡ್ಡುಗಳೆಲ್ಲ ಮಗ್ಗ ನಿಲ್ಲಿಸಿದವು. ಎದ್ದರೂ ಮಲಗಿದರೂ ಕಿವಿಯಲ್ಲಿರುತ್ತಿದ್ದ ಸದ್ದು ನಿಂತಾಗ ಊರಿಗೆ ಊರೇ ಸತ್ತ ಹಾಗಿತ್ತು. ನಮ್ಮ ಬೀದಿಯ ಹಿರಿಯರು ಅಕ್ಕನ ಮನೆಯಲ್ಲಿ ಸೇರಿದರು. ಮೀಟರಿಗೆ ಆರು ಪೈಸೆ ಹೆಚ್ಚು ಕೇಳುವುದು, ನಾಲ್ಕಕ್ಕೆ ಒಪ್ಪುವುದು, ತೀರಾ ಕೈಮೀರಿದರೆ ಎರಡು. ಆ ಎರಡು ಪೈಸೆಯೇ ತಳ. ಆಡಿ ಕಳೆಯುವವರೆಗೆ ಮನೆಗಳಲ್ಲಿ ಅಕ್ಕಿ ಇದೆ, ಆಮೇಲೆ ಇಲ್ಲ ಎಂಬುದನ್ನೂ ಲೆಕ್ಕ ಹಾಕಿದರು. ಎಲೆ ಇಟ್ಟರು. ವ್ಯಾಪಾರಿಗಳ ಜೊತೆ ಮಾತಿಗೆ ನಮ್ಮ ಪರವಾಗಿ ಮುಂದೆ ಕೂರುವವರು ಚೇರ್ಮನ್ ಅಣ್ಣ ಎಂದು ಎಲ್ಲರೂ ಮೊದಲೇ ಒಪ್ಪಿದ್ದರು.

ಅದೇ ಸಂಜೆ ಅವರು ಬಂದರು. ಮಜ್ಜಿಗೆ ಆಯಿತು, ಅಕ್ಕನ ಮಂಡಿ ಆಯಿತು. ಅವರು ತಳ ಎಷ್ಟೆಂದು ಕೇಳಲೇ ಇಲ್ಲ, ಇದನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ. ಕೇಳಿದ್ದು ಇಷ್ಟೇ.

"ಮಕ್ಳು ಮರಿ ಅವ್ರೆ ಎಲ್ರ ಮನೇಲೂ. ಎಷ್ಟು ದಿನ ತಾಳ್ತೀರಪ್ಪ?"

"ಆಡಿ ಕಳೆಯೋ ಗಂಟ ತಾಳ್ತೀವಿ ಅಣ್ಣ," ಅಂದ ಭಾವ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಆಮೇಲೆ ಎರಡೇ ಕೊಟ್ರೂ ಸರಿ ಅಂತ ಎಲೆ ಇಟ್ಟಾಯ್ತು. ನೀವಿದ್ದೀರಲ್ಲ, ನಾಲ್ಕಕ್ಕೆ ತಂದ್ಬಿಡ್ತೀರಿ."

ನಾನು ಭಾವನ ಕಾಲನ್ನು ಕಾಲಿನಿಂದ ಒತ್ತಿದ್ದು ತಡವಾಯಿತು. ಚೇರ್ಮನ್ ಅಣ್ಣ ತಲೆ ಅಲ್ಲಾಡಿಸಿ, ಲೋಟ ಕೆಳಗಿಟ್ಟು, ನೋಡೋಣ ಎಂದು ಎದ್ದರು.

ಅವರ ಕಾರು ತಿರುಗಿದ ಕೂಡಲೇ ನಾನು ಹಿರಿಯರನ್ನು ಮತ್ತೆ ಕರೆಸಿದೆ. ತಳವನ್ನು ಮೂರಕ್ಕೆ ಏರಿಸಿ, ಯಾರಿಗೂ ಹೇಳಬೇಡಿ ಎಂದೆ. ಚೇರ್ಮನ್ ಅಣ್ಣ ಯಾರ ಮನೆಗೆ ಹೋಗುತ್ತಾರೋ, ಯಾರ ಜೊತೆ ಊಟ ಮಾಡುತ್ತಾರೋ ನಮಗೇನು ಗೊತ್ತು ಎಂದೆ. ಒಬ್ಬ ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಾಂಧಿಪುರದಲ್ಲಿ ಟವಲ್ಲು ಮಾರಿ ನಿಂಗೆ ಎಲ್ರೂ ಗಿರಾಕಿಗಳ ತರ ಕಾಣ್ತಾರೆ ಕಣಪ್ಪ" ಅಂದ. ಎಲ್ಲರೂ ನಕ್ಕರು. ಎಲೆ ಇಟ್ಟ ಮೇಲೆ ತಿದ್ದುವುದು ಅಮ್ಮನವರಿಗೆ ಸುಳ್ಳು ಹೇಳಿದ ಹಾಗೆ ಎಂದು ಇನ್ನೊಬ್ಬರು. ಹೊರಗಿನವರಿಗೆ ಹೇಳಬಾರದು ಎಂಬ ಕಟ್ಟು ಇತ್ತಲ್ಲ ಎಂದು ಕೇಳಿದೆ. ಅವರೇನು ಹೊರಗಿನವರೇ, ನಮ್ಮ ಮಾತೇ ಆಡುತ್ತಾರಲ್ಲ ಎಂದು ಎಲ್ಲರೂ ಒಟ್ಟಿಗೆ ನನ್ನ ಮೇಲೆ ಬಿದ್ದರು.

ಮಾತುಕತೆ ತಹಸೀಲ್ದಾರರ ಕಚೇರಿಯಲ್ಲಿ. ಒಂದು ಬದಿಗೆ ನೂಲಿನ ವ್ಯಾಪಾರಿಗಳು, ಇನ್ನೊಂದು ಬದಿಗೆ ನಾವು, ನಮ್ಮ ಸಾಲಿನ ಮೊದಲ ಕುರ್ಚಿಯಲ್ಲಿ ಚೇರ್ಮನ್ ಅಣ್ಣ. ಹಿಂದಿನ ಸಲಗಳಲ್ಲಿ ವ್ಯಾಪಾರಿಗಳು ಹೇಗೆ ಮಾತಾಡುತ್ತಿದ್ದರು ಎಂದು ನಾನು ಕಂಡಿದ್ದೆ. ಅರ್ಧ ಪೈಸೆ ಏರುವುದು, ಸಿಟ್ಟು ಮಾಡಿಕೊಂಡು ಹೊರಗೆ ಹೋಗುವುದು, ಬೀಡಿ ಸೇದಿ ಬಂದು ಇನ್ನರ್ಧ ಏರುವುದು. ಈ ಸಲ ಅವರ ಮುಖಂಡ ಒಂದೇ ಮಾತು ಹೇಳಿದ: ಎರಡು ಪೈಸೆ, ಅದೂ ಆಡಿ ಕಳೆದ ಮೇಲೆ. ಹೇಳಿ ಪೇಪರು ಬಿಡಿಸಿ ಓದತೊಡಗಿದ. ಚೌಕಾಶಿ ಮಾಡಿದವರಿಗೆ ಗೊತ್ತು. ಎದುರಿನವನು ಮೆಟ್ಟಿಲು ಮೆಟ್ಟಿಲಾಗಿ ಬಂದರೆ ಅವನು ಕತ್ತಲಲ್ಲಿ ಕೈಯಾಡಿಸುತ್ತಿದ್ದಾನೆ. ಒಂದೇ ಸಲ ಬಂದು ಕಾಲು ಚಾಚಿ ಕೂತರೆ ಅವನಿಗೆ ನಿಮ್ಮ ತಳ ಗೊತ್ತಿದೆ.

"ಬಾವ, ಇವ್ರಿಗೆ ಎಲ್ಲಾ ಗೊತ್ತೈತೆ," ಎಂದು ಕಿವಿಯಲ್ಲಿ ಹೇಳಿದೆ.

"ಸುಮ್ನಿರ್ಲಾ. ಅಣ್ಣ ಇದಾರಲ್ಲ."

ಅಣ್ಣ ನಮ್ಮ ಕಡೆ ತಿರುಗಿ, ಎಲ್ಲ ಕೇಳಿಸಿತು ಎಂಬಂತೆ ಒಂದು ಸಲ ನಕ್ಕು, ತಹಸೀಲ್ದಾರರ ಕಡೆ ಮುಖ ಮಾಡಿದರು. ಆ ದಿನ ಮಾತು ಮುರಿಯಿತು. ಅದಾದ ಮೇಲೆ ವ್ಯಾಪಾರಿಗಳು ಮಾತಿಗೇ ಬರಲಿಲ್ಲ. ಅವರಿಗೆ ಮಾಡಬೇಕಾದ ಕೆಲಸ ಏನೂ ಇರಲಿಲ್ಲ, ಕಾಯುವುದು ಬಿಟ್ಟು.

ಆಡಿ ಕಳೆಯಿತು. ಅಕ್ಕಿ ಡಬ್ಬಗಳ ತಳ ಕಂಡಿತು. ಒಂದೊಂದೇ ಶೆಡ್ಡಿನಲ್ಲಿ ಮೋಟಾರು ಸದ್ದು ಶುರುವಾಯಿತು. ಚೇರ್ಮನ್ ಅಣ್ಣ ಬಸ್ ನಿಲ್ದಾಣದ ಹತ್ತಿರ ವೇದಿಕೆ ಹಾಕಿಸಿ, ಎರಡು ಪೈಸೆ ಗೆದ್ದು ತಂದಿದ್ದೇನೆ ಎಂದರು. ಜನ ಅವರಿಗೆ ಹಾರ ಹಾಕಿದರು. ಹಾರ ಹಾಕಿದವರಲ್ಲಿ ನಮ್ಮ ಬೀದಿಯವರೂ ಇದ್ದರು. ಹಸಿದವನಿಗೆ ಎರಡು ಪೈಸೆಯೂ ಗೆಲುವೇ.

ಭಾವ ಮಾತ್ರ ಮಗ್ಗ ಓಡಿಸಲಿಲ್ಲ. ಅಣ್ಣ ಸದ್ಯಕ್ಕೆ ಎರಡು ಅಂದಿದ್ದಾರೆ, ಒಳಗೊಳಗೇ ನಾಲ್ಕಕ್ಕೆ ನೋಡುತ್ತಿದ್ದಾರೆ, ಒಬ್ಬರಾದರೂ ಗಟ್ಟಿ ನಿಂತರೆ ಅವರಿಗೆ ಬಲ ಎಂಬುದು ಅವನ ತರ್ಕ. ಹದಿನೈದು ದಿನ ಹಾಗೆ ನಿಂತು, ಕೊನೆಗೆ ಅಕ್ಕನ ಒತ್ತಾಯಕ್ಕೆ ತಾನೂ ಎರಡಕ್ಕೆ ಒಪ್ಪಿದ. ಆಗ ಪಾವು ಬರಲಿಲ್ಲ. ಕೇಳಿದರೆ ನಾಳೆ, ನಾಡಿದ್ದು. ಬಲಕ್ಕೂ ಎಡಕ್ಕೂ ಇದ್ದ ಶೆಡ್ಡುಗಳಿಗೆ ಉರುಳೆ ಇಳಿಸಿದ ಗಾಡಿ ನಮ್ಮ ಬಾಗಿಲು ದಾಟಿ ಹೋಗುತ್ತಿತ್ತು. ಭಾವ ಚೇರ್ಮನ್ ಅಣ್ಣನ ಮನೆಗೆ ಹೋದ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು, ಅಣ್ಣ ಮದ್ರಾಸಿನಲ್ಲಿದ್ದಾರೆ ಎಂದರು. ಮತ್ತೆ ಹೋದ. ಮತ್ತೆ ಕಾಫಿ.

ನಾನು ತಿರುಪ್ಪೂರಿಗೆ ಹೋದೆ. ನಮಗೆ ಪಾವು ಕಳಿಸುತ್ತಿದ್ದ ನೂಲಿನ ಅಂಗಡಿಯ ಮುದಲಾಳಿ, ಅಂದರೆ ಮಾಲೀಕರು, ವಯಸ್ಸಾದ ಮನುಷ್ಯ, ಮಾತು ಒರಟು, ತೂಕ ನೇರ. ಒಂದೂವರೆ ಪೈಸೆ ಏರಿಕೆಗೇ ನೇಯುತ್ತೇವೆ, ಪಾವು ಕೊಡಿ ಎಂದು ಕೇಳಿದೆ. ಅವರು ತಮಿಳಿನಲ್ಲಿ ಹೇಳಿದರು. ಬೋರ್ಡು ಮಾತ್ರ ನನ್ನದು ತಂಬಿ, ಎರಡು ವರ್ಷದಿಂದ ಒಳಗಿನ ನೂಲು ನಿಮ್ಮ ಚೇರ್ಮನ್ನರದು. ಮೈದುನನ ಹೆಸರಲ್ಲಿ ಪಾಲು. ನಿಮ್ಮ ಭಾವನ ಶೆಡ್ಡಿಗೆ ಪಾವು ಹೋಗಬಾರದು ಎಂದದ್ದು ನಾನಲ್ಲ. ನೀವು ನಿಮ್ಮ ಮಾತಿನಲ್ಲಿ ಅವರಿಗೆ ಹೇಳಿದ್ದನ್ನು ಅವರು ಈ ಚಾಪೆಯ ಮೇಲೆ ಕೂತು ನಮಗೆ ತಮಿಳಿನಲ್ಲಿ ಹೇಳಿದರು.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಬೆರಗು. ನಮ್ಮ ಪರವಾಗಿ ಕೂಲಿ ಕೇಳಿದವರೂ ಅವರೇ, ಕೂಲಿ ಕೊಡಬೇಕಾದವರೂ ಅವರೇ. ಮಧ್ಯೆ ಗಂಜಿ ಹಾಕಿದ್ದೂ ಅವರ ಮಿಲ್ಲೇ. ಮೀಟರಿಗೆ ಒಂದೊಂದು ಪೈಸೆ ಕಡಿಮೆಯಾದರೂ ಅದು ಯಾರ ಪಂಚೆಯ ಮಡಿಲಿಗೆ ಬೀಳುತ್ತಿತ್ತು ಎಂದು ಲೆಕ್ಕ ಹಾಕಲು ಓದು ಬೇಕಿರಲಿಲ್ಲ.

ಭಾವನಿಗೆ ಹೇಳಿದೆ. ಅವನು ನಂಬಲಿಲ್ಲ.

"ತಿರುಪ್ಪೂರ್‌ನೋನು ಹೇಳ್ದ ಅಂತ ನಮ್ಮೋರನ್ನ ಬಿಟ್ಕೊಡ್ತೀಯಾ ನೀನು?" ಅಂದ. "ಅವ್ರು ನನ್ನ ಮನೇಲಿ ಉಂಡವ್ರೆ ಕಣ್ಲಾ."

ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಇಬ್ಬರನ್ನೂ ನೋಡಿ ಒಳಗೆ ಹೋದಳು. ಅವಳಿಗೆ ಅರ್ಥವಾಗಿತ್ತು.

ಮಾರ್ಗಳಿ, ಅಂದರೆ ಧನುರ್ಮಾಸದ ತಿಂಗಳಲ್ಲಿ ಚೇರ್ಮನ್ ಅಣ್ಣ ಮೈದುನನ ಜೊತೆ ಶೆಡ್ಡಿಗೇ ಬಂದರು. ಮಗ್ಗಗಳ ಮೇಲೆ ಧೂಳು ಕೂತಿತ್ತು. ಸುಮ್ಮನೆ ತುಕ್ಕು ಹಿಡಿಸುವುದೇಕೆ, ಮೈದುನ ಕೊಳ್ಳುತ್ತಾನೆ, ಶೆಡ್ಡೂ ಸೇರಿ. ಓಡಿಸುವವನು ನೀನೇ ಇರು, ವಾರಕ್ಕೆ ಸಂಬಳ ಎಂದು ಭಾವನಿಗೆ ಹೇಳಿದರು. ಮಾರುವುದು ಬಿಟ್ಟು ನಮಗೆ ದಾರಿ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಆದರೆ ನನ್ನ ಕೈಯಲ್ಲಿ ಇಸ್ಪೀಟಿನ ಒಂದು ಎಲೆ ಉಳಿದಿತ್ತು: ಮೆಟ್ಟುಪಾಳ್ಯಂ ರಸ್ತೆಯ ಒಬ್ಬ ಮಗ್ಗದವನು ಬಂದು ನೋಡಿ ಹೋಗಿದ್ದ, ಗುಜರಿಗಿಂತ ಒಳ್ಳೆಯ ದರ ಹೇಳಿದ್ದ. ಭಾವನಿಗೆ ಮೊದಲೇ ಹೇಳಿದ್ದೆ, ನೀನು ಬಾಯಿ ತೆಗೆಯಬೇಡ, ಮಾತು ನನಗೆ ಬಿಡು ಎಂದು.

ನಾನು ತಮಿಳಿನಲ್ಲಿ ಶುರು ಮಾಡಿದೆ. ಚೇರ್ಮನ್ ಅಣ್ಣ ಕನ್ನಡದಲ್ಲಿ ಉತ್ತರಿಸಿದರು. ನಾನು ಮತ್ತೆ ತಮಿಳಿನಲ್ಲೇ ದರ ಹೇಳಿದೆ.

"ಏನಪ್ಪ, ನನ್ ಹತ್ರ ತಮಿಳಾ?" ಅಂದರು.

ವ್ಯಾಪಾರಕ್ಕೆ ಅದೇ ಸರಿ ಎಂದು ತಮಿಳಿನಲ್ಲೇ ಹೇಳಿದೆ. ತಿರುಪ್ಪೂರಿನ ಅಂಗಡಿಯ ವಿಷಯವನ್ನೂ ಅಲ್ಲೇ ಎತ್ತಿದೆ. ಅವರು ಕಣ್ಣು ತಪ್ಪಿಸಲಿಲ್ಲ, ಧ್ವನಿ ಏರಿಸಲಿಲ್ಲ.

"ಎರಡು ಕಡೆನೂ ನಾನಿದ್ದಿದ್ಕೆ ಎರಡಾದ್ರೂ ಸಿಕ್ತು. ನಾನು ಇಲ್ದಿದ್ರೆ ಅವ್ರು ಒಂದೂ ಕೊಡ್ತಿರ್ಲಿಲ್ಲ. ಇದ್ರಲ್ಲಿ ಮುಚ್ಚಿಡೋದು ಏನೈತೆ?"

ಆ ಮಾತನ್ನು ಅಲ್ಲೇ ಬಿಟ್ಟು ನಾನು ದರಕ್ಕೆ ಬಂದೆ. ಮೆಟ್ಟುಪಾಳ್ಯಂ ರಸ್ತೆಯವನ ವಿಷಯ ಹೇಳಿದೆ. ಮೈದುನ ಮೆಲ್ಲಗೆ ಏರತೊಡಗಿದ. ಒಂದು ಮೆಟ್ಟಿಲು, ಇನ್ನೊಂದು. ಅವನಿಗೆ ಈ ಜಾಗ ಬೇಕು, ಅವನ ಸೈಸಿಂಗ್ ಮಿಲ್ಲಿಗೆ ಹತ್ತಿರ, ಪಾವು ನಿಲ್ಲಿಸಿದ್ದೂ ಅದಕ್ಕೇ ಎಂದು ನನಗೆ ಖಾತ್ರಿಯಾಯಿತು. ಇನ್ನೊಂದು ಲೋಟ ಕಾಫಿಯಷ್ಟು ಹೊತ್ತು ಸಿಕ್ಕಿದ್ದರೆ ಅಕ್ಕನ ಚಿನ್ನದ ಅರ್ಧವಾದರೂ ಹಿಂದಕ್ಕೆ ಬರುತ್ತಿತ್ತು.

ಭಾವ ಮಗ್ಗದ ಮೇಲೆ ಕೈಯಿಟ್ಟು ನಿಂತಿದ್ದ. ಚೇರ್ಮನ್ ಅಣ್ಣ ನನ್ನನ್ನು ಬಿಟ್ಟು ಅವನ ಕಡೆ ತಿರುಗಿದರು. ಬರೀ ನೋಡಿದರು.

"ನೀವು ಕೊಟ್ಟಷ್ಟು ಕೊಡಿ ಅಣ್ಣ," ಅಂದ ಭಾವ. "ನಿಮ್ ಹತ್ರ ನಾನೇನ್ ಚೌಕಾಶಿ ಮಾಡ್ಲಿ."

ಮೈದುನ ಮೊದಲು ಹೇಳಿದ ದರಕ್ಕೇ ಇಳಿದ. ಅಲ್ಲಿಗೆ ಮುಗಿಯಿತು. ಮಾರನೆಯ ಬೆಳಿಗ್ಗೆಯೇ ಶೆಡ್ಡಿಗೆ ಪಾವು ಬಂತು.

ಭಾವ ತನ್ನದೇ ಮಗ್ಗಗಳಲ್ಲಿ ವಾರದ ಕೂಲಿಗೆ ನೇಯ್ದ. ಎರಡು ಮಗ್ಗ ನೋಡಿಕೊಳ್ಳಬೇಕಾದವನಿಗೆ ನಾಲ್ಕು ಮಗ್ಗ ಕೊಟ್ಟರು. ಹತ್ತಿಯ ಧೂಳು ಎದೆಗೆ ಇಳಿದು ಕೆಮ್ಮು ಹಿಡಿಯಿತು. ಮುಂದಿನ ಚುನಾವಣೆಯಲ್ಲಿ ಕೆಮ್ಮುತ್ತಲೇ ಗೋಡೆಗೆ ಸುಣ್ಣ ಬಳಿಯಲು ಹೋದ. ಅಕ್ಕ ಬಾಗಿಲಿಗೆ ಅಡ್ಡ ನಿಂತರೂ ಕೇಳಲಿಲ್ಲ. ಆ ಚುನಾವಣೆಯ ಫಲಿತಾಂಶ ಬರುವಷ್ಟರಲ್ಲಿ ಅವನು ಆಸ್ಪತ್ರೆಯಲ್ಲಿದ್ದ. ಅಲ್ಲಿಂದ ಎದ್ದು ಬರಲಿಲ್ಲ. ಅವನ ಹಿರಿಮಗಳ ಮದುವೆಯನ್ನು ನಾನು ಮಾಡಿದೆ. ಅಕ್ಕ ಆ ಶೆಡ್ಡಿರುವ ಬೀದಿ ಬಿಟ್ಟು ಸುತ್ತು ಹಾಕಿಕೊಂಡು ನೀರಿಗೆ ಹೋಗುತ್ತಿದ್ದಳು.

ಇಷ್ಟನ್ನೆಲ್ಲ ಓದಿದ ನಿಮಗೆ ಎಂದಾದರೂ ಕೆಲಸಕ್ಕೆ ಬರಲೆಂದು ಕೆಲವು ಮಾತು. ನಿಮ್ಮ ಪರವಾಗಿ ಮಾತಾಡಲು ಒಬ್ಬರನ್ನು ಕೂರಿಸುವ ಮುಂಚೆ ಅವರ ಹೆಂಡತಿಯ ತಮ್ಮ, ಅಳಿಯ ಏನು ವ್ಯಾಪಾರ ಮಾಡುತ್ತಾರೆ ಎಂದು ವಿಚಾರಿಸಿ. ಊರಿನಲ್ಲಿ ವಿಚಾರಿಸಬೇಡಿ, ಅಲ್ಲಿ ಹೆಮ್ಮೆ ಮಾತ್ರ ಸಿಗುತ್ತದೆ. ಸರಕು ಇಳಿಸುವ ಕಡೆ, ಗಾಡಿಯವರ ಹತ್ತಿರ ಕೇಳಿ. ಅವರು ನಿಮಗೆ ಮಾಡಿದ ಉಪಕಾರ ನಿಜವೇ ಇರಬಹುದು, ಅದಕ್ಕೆ ಕೃತಜ್ಞತೆ ಇರಲಿ, ವೋಟೂ ಕೊಡಿ. ತಳ ಮಾತ್ರ ಕೊಡಬೇಡಿ. ತಳ ಹೊರಗೆ ಬಿದ್ದಿದೆ ಎಂದು ಅನುಮಾನ ಬಂದರೆ ಅದೇ ದಿನ ಬದಲಿಸಿ. ದೇವರ ಮುಂದೆ ಎಲೆ ಇಟ್ಟಿದ್ದರೆ ಇನ್ನೊಂದು ಎಲೆ ಇಡಿ, ದೇವರಿಗೂ ಮಕ್ಕಳಿದ್ದಾರೆ, ಅರ್ಥವಾಗುತ್ತದೆ. ಮಾರಲೇಬೇಕಾಗಿ ಬಂದರೆ ಅಕ್ಕಿ ಇರುವಾಗಲೇ ಮಾರಿ, ಮುಗಿದ ಮೇಲಲ್ಲ. ಮತ್ತು ದರ ಮಾತಾಡುವ ದಿನ, ಕೊಳ್ಳುವವನ ಮೇಲೆ ಭಕ್ತಿ ಇರುವವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ, ಅವರು ಮಾಲೀಕರೇ ಆಗಿದ್ದರೂ ಸರಿ, ಏನಾದರೂ ಕೆಲಸ ಹೇಳಿ ಆ ಹೊತ್ತಿಗೆ ಬೇರೆ ಊರಿಗೆ ಕಳಿಸಿಬಿಡಿ.